ಸ್ಲೊವೀನ ಜನತೆಯೂ ಅದರ ಕವಿಯೂ

ಒಂದು ಜನತೆಗೆ ತನ್ನತನವು ಯಾವುದರಿಂದ ಬರುವುದೆಂಬ ಪ್ರಶ್ನೆಗೆ ಇತಿಹಾಸಕಾರರು ಕೊಡುವ ಉತ್ತರಗಳು ಸಾಮಾನ್ಯವಾಗಿ ಮೂರು: ಅರಸೊತ್ತಿಗೆ, ಮತ, ನೆಲದ ಮೇರೆ. ಆಲ್ಪ್ಸ್ ಪರ್ವತಗಳಿಗೂ ಆಡ್ರಿಯಾಟಿಕ್ ಸಮುದ್ರಕ್ಕೂ ನಡುವೆ ವಾಸಿಸುವ ಸ್ಲೊವೀನರ ವಿಷಯದಲ್ಲಿ ಈ ಮೂರು ಉತ್ತರಗಳೂ ಸಾಲವು. ಅವರನ್ನಾಳಿದ ಅರಸರು ಸಾವಿರ ವರ್ಷಕ್ಕೂ ಮಿಕ್ಕ ಕಾಲ ಅನ್ಯಭಾಷಿಕರಾಗಿದ್ದರು. ಅವರ ಕಥೋಲಿಕ ಮತವು ಆಳುವ ಜರ್ಮನರಿಗೂ ನೆರೆಯ ಇಟಾಲಿಯನ್ನರಿಗೂ ಸಮಾನವಾಗಿದ್ದಿತು. ಅವರ ನೆಲವು ಕ್ರೈನ್, ಸ್ಟೈರಿಯಾ, ಕ್ಯಾರಿಂಥಿಯಾ, ಗೊರಿತ್ಸಿಯಾ ಮೊದಲಾದ ಸೀಮೆಗಳಲ್ಲಿ ಹಂಚಿಹೋಗಿದ್ದಿತು. ಹೀಗಿದ್ದೂ ಈ ಜನತೆಯು 1991ನೆಯ ಇಸವಿ ಜೂನ್ 25ರಂದು ತನ್ನ ಸ್ವಾತಂತ್ರ್ಯವನ್ನು ಸಾರಿತು. ಇಪ್ಪತ್ತು ಸಾವಿರ ಚದರ ಕಿಲೋಮೀಟರಿಗೆ ತುಸು ಮಿಕ್ಕ ನೆಲ, ಸುಮಾರು ಇಪ್ಪತ್ತು ಲಕ್ಷ ಜನ. ಸ್ಲಾವ ಕುಲದ ದೊಡ್ಡ ಬಳಗದಲ್ಲಿ ಇದು ಬಹು ಚಿಕ್ಕ ಮನೆ.

ಈ ಮನೆಯ ಗೋಡೆಗಳು ಯಾವುದರಿಂದ ಕಟ್ಟಲ್ಪಟ್ಟವು ಎಂದು ಕೇಳಿದರೆ ಸ್ಲೊವೀನರು ತಮ್ಮ ಗ್ರಂಥಗಳನ್ನು ತೋರಿಸುವರು. ಗ್ರಂಥಗಳಲ್ಲಿಯೂ ವಿಶೇಷವಾಗಿ ಒಬ್ಬ ಕವಿಯನ್ನು, ಫ್ರಾನ್ಸೆ ಪ್ರೆಶೇರೆನನನ್ನು, ತೋರಿಸುವರು. ಈ ಉತ್ತರದಲ್ಲಿ ಅಭಿಮಾನವೆಷ್ಟು, ಸತ್ಯವೆಷ್ಟು ಎಂಬುದನ್ನು ತೂಗಿ ನೋಡಬೇಕಾಗಿದೆ. ಹಾಗೆ ತೂಗುವಾಗ ಕವಿಯ ಹೆಸರನ್ನಲ್ಲ, ಆತನ ಕೃತಿಯನ್ನೇ ತಕ್ಕಡಿಯಲ್ಲಿಡುವುದು ವಿಮರ್ಶೆಯ ಧರ್ಮ.

ಮೊದಲು ಬಳಗದ ಮಾತು. ಸ್ಲಾವ ಭಾಷೆಗಳನ್ನು ಪೂರ್ವ, ಪಶ್ಚಿಮ, ದಕ್ಷಿಣ ಎಂದು ಮೂರು ಕವಲುಗಳಾಗಿ ವಿಂಗಡಿಸುವುದು ರೂಢಿ. ಸ್ಲೊವೀನ ಭಾಷೆಯು ಸರ್ಬಿಯನ್, ಕ್ರೊವೇಷಿಯನ್, ಬಲ್ಗೇರಿಯನ್ ಭಾಷೆಗಳೊಡನೆ ದಕ್ಷಿಣದ ಕವಲಿಗೆ ಸೇರಿದುದು. ‘ಸ್ಲೊವೀನ’, ‘ಸ್ಲೊವಾಕ್’, ‘ಸ್ಲಾವ’ ಎಂಬ ಹೆಸರುಗಳೆಲ್ಲ ಒಂದೇ ಮೂಲದವು. ಮಾತು ಎಂಬರ್ಥದ ‘ಸ್ಲೊವೊ’ ಎಂಬ ಶಬ್ದವೇ ಆ ಮೂಲವೆಂದು ವಿದ್ವಾಂಸರಲ್ಲಿ ಅನೇಕರ ಮತ. ಸಂಸ್ಕೃತದ ‘ಶ್ರವ’ ಶಬ್ದವು ಇದರ ದೂರದ ಸಹೋದರ. ಅರ್ಥವಾಗುವ ಮಾತನ್ನಾಡುವವರು ಸ್ಲಾವರು. ಮಾತು ತಿಳಿಯದ ಜರ್ಮನನು ಅವರ ಬಾಯಲ್ಲಿ ‘ನೇಮೆತ್ಸ್’, ಎಂದರೆ ಮೂಕ. ಮಾತನ್ನೇ ಹೆಸರನ್ನಾಗಿ ಪಡೆದ ಜನತೆಯೊಂದು ಮಾತಿನಿಂದಲೇ ಉಳಿದುಕೊಂಡುದು ಒಂದು ಸೊಗಸಾದ ಹೊಂದಿಕೆಯೇ ಸರಿ.

ಸ್ಲಾವರು ಪೂರ್ವ ಆಲ್ಪ್ಸಿನ ಕಣಿವೆಗಳಿಗೆ ಬಂದು ನೆಲಸಿದುದು 6ನೆಯ ಶತಮಾನದಲ್ಲಿ. 7ನೆಯ ಶತಮಾನದಲ್ಲಿ ಅಲ್ಲಿ ಕರಂತಾನಿಯಾ ಎಂಬ ಸಂಸ್ಥಾನವು ತಲೆಯೆತ್ತಿತು. 8ನೆಯ ಶತಮಾನದ ನಡುವೆ ಬವೇರಿಯದ ಅಧೀನಕ್ಕೂ, ಬಳಿಕ ಫ್ರಾಂಕರ ಅಧೀನಕ್ಕೂ ಹೋಯಿತು. ಆ ಕಾಲದ ನೆನಪಾಗಿ ಉಳಿದುದು ಒಂದು ವಿಚಿತ್ರವಾದ ಪಟ್ಟಾಭಿಷೇಕ. ರೋಮನರ ಕಾಲದ ಕಂಬವೊಂದರ ಪೀಠವನ್ನು ತಲೆಕೆಳಗಾಗಿ ನಿಲ್ಲಿಸಿ, ಅದರ ಮೇಲೆ ಒಬ್ಬ ರೈತನು ಕುಳಿತಿರುವನು. ಹೊಸ ಪ್ರಭುವು ರೈತರ ಉಡುಪಿನಲ್ಲಿ ಬಂದು ನಿಂತಾಗ, ಈತನು ಯೋಗ್ಯನೇ, ನ್ಯಾಯವಂತನೇ ಎಂದು ರೈತನು ಸ್ಲೊವೀನ ಭಾಷೆಯಲ್ಲಿಯೇ ವಿಚಾರಿಸಿ ಬಳಿಕ ಪೀಠವನ್ನು ಬಿಟ್ಟುಕೊಡುವನು. ಈ ರೀತಿಯಲ್ಲಿ ಪ್ರಭುತ್ವವನ್ನು ವಹಿಸಿಕೊಂಡವರಲ್ಲಿ ಕೊನೆಯವನು ಹ್ಯಾಪ್ಸ್‌ಬರ್ಗ್ ವಂಶದ ಎರ್ನ್ಸ್ಟ್. ಅದು ನಡೆದುದು 1414ರಲ್ಲಿ. ಫ್ರೆಂಚ್ ಪಂಡಿತ ಜಾನ್ ಬೊದ್ಯಾನನು 1576ರ ತನ್ನ ರಾಜನೀತಿಗ್ರಂಥದಲ್ಲಿ ಈ ಪದ್ಧತಿಯನ್ನು ಉಲ್ಲೇಖಿಸಿರುವನು. ಅಧಿಕಾರವು ಹೋದ ಮೇಲೆಯೂ ಅಧಿಕಾರವನ್ನು ಪ್ರಶ್ನಿಸುವ ಭಾಷೆಯಾಗಿ ಸ್ಲೊವೀನವು ಉಳಿದಿದ್ದಿತೆಂಬುದನ್ನು ಇಲ್ಲಿ ಗಮನಿಸಬೇಕು.

ಬರಹದ ಚರಿತ್ರೆಯೂ ಚಿಕ್ಕದಲ್ಲ. ಫ್ರೈಜಿಂಗ್ ಪತ್ರಗಳೆಂದು ಹೆಸರಾದ ಮೂರು ಬರಹಗಳು ಸುಮಾರು 1000ನೆಯ ಇಸವಿಯ ಆಚೀಚಿನವು. ಲ್ಯಾಟಿನ್ ಲಿಪಿಯಲ್ಲಿ ಬರೆದ ಸ್ಲಾವ ಬರಹಗಳಲ್ಲೆಲ್ಲ ಹಳೆಯವು ಇವೇ. ಎರಡು ಪಾಪನಿವೇದನೆಯ ಪಾಠಗಳು, ಒಂದು ಉಪದೇಶ; ಇಷ್ಟೇ ಅವುಗಳ ವಿಷಯ. ಅನಂತರ ಐದು ಶತಮಾನಗಳು ಹೆಚ್ಚಿನ ಗ್ರಂಥಸಂಪತ್ತಿಲ್ಲದೆ ಕಳೆದವು. 1550ರಲ್ಲಿ ಪ್ರೊಟೆಸ್ಟಂಟ್ ಬೋಧಕನಾದ ಪ್ರಿಮೋಜ್ ತ್ರೂಬಾರನು ಪರದೇಶದ ಟ್ಯೂಬಿಂಗೆನ್ ನಗರದಲ್ಲಿ ಒಂದು ಪ್ರಶ್ನೋತ್ತರಮಾಲೆಯನ್ನೂ ಒಂದು ಅಕ್ಷರಮಾಲೆಯನ್ನೂ ಅಚ್ಚು ಹಾಕಿಸಿ, ಬೇರೆ ಬೇರೆ ಸೀಮೆಗಳಲ್ಲಿದ್ದ ತನ್ನವರನ್ನು ‘ಸ್ಲೊವೀನರು’ ಎಂಬ ಒಂದೇ ಹೆಸರಿನಿಂದ ಕರೆದನು. 1584ರಲ್ಲಿ ಯೂರಿ ದಲ್ಮಾತಿನನು ಬೈಬಲನ್ನು ಪೂರ್ತಿಯಾಗಿ ಅನುವಾದಿಸಿ ವಿಟೆನ್‌ಬರ್ಗಿನಲ್ಲಿ ಪ್ರಕಟಿಸಿದನು. ಅದೇ ವರ್ಷ ಆದಮ್ ಬೋಹೋರಿಚನ ವ್ಯಾಕರಣವು ಲ್ಯಾಟಿನಿನಲ್ಲಿ ಹೊರಬಿದ್ದಿತು. ಮೂವತ್ತನಾಲ್ಕು ವರ್ಷಗಳಲ್ಲಿ ಅಕ್ಷರಮಾಲೆಯಿಂದ ಬೈಬಲಿನ ವರೆಗೆ ನಡೆದ ಈ ನಡಿಗೆಯು ಯಾವ ಭಾಷೆಗಾದರೂ ಹೆಮ್ಮೆಯನ್ನು ತರತಕ್ಕುದು. ಆದರೆ 1600–1601ರಲ್ಲಿ ಬಿಷಪ್ ತೊಮಾಜ್ ಹ್ರೆನನ ಮುಂದಾಳ್ತನದಲ್ಲಿ ಈ ಗ್ರಂಥಗಳನ್ನು ಲ್ಯುಬ್ಲ್ಯಾನಾ ನಗರದಲ್ಲಿ ಸುಟ್ಟರು. ದಲ್ಮಾತಿನನ ಬೈಬಲು ಮಾತ್ರ ಉಳಿಯಿತು. ಕಥೋಲಿಕ ಪಾದ್ರಿಗಳಿಗೂ ಅದು ಬೇಕಾಗಿದ್ದಿತು! ಮತವನ್ನು ಸುಟ್ಟವರಿಗೂ ಭಾಷೆಯನ್ನು ಸುಡಲಾಗಲಿಲ್ಲ.

ಇಷ್ಟಾದರೂ 19ನೆಯ ಶತಮಾನದ ಆರಂಭದಲ್ಲಿ ಸ್ಲೊವೀನವು ಹಳ್ಳಿಯ ಮನೆಗೂ ಇಗರ್ಜಿಯ ಉಪದೇಶಪೀಠಕ್ಕೂ ಮೀಸಲಾದ ಭಾಷೆಯಾಗಿದ್ದಿತು. ವಕೀಲರು, ವರ್ತಕರು, ಅಧಿಕಾರಿಗಳು ಜರ್ಮನಿನಲ್ಲಿ ಮಾತನಾಡಿ, ಜರ್ಮನಿನಲ್ಲಿಯೇ ಪ್ರಣಯಪತ್ರಗಳನ್ನು ಬರೆಯುತ್ತಿದ್ದರು. ವಾಲೆಂತಿನ್ ವೋದ್ನಿಕನು 1797ರಲ್ಲಿ ಮೊದಲ ಸ್ಲೊವೀನ ವೃತ್ತಪತ್ರಿಕೆಯನ್ನು ತೆಗೆದು 1800ರ ವರೆಗೆ ನಡೆಸಿದನು. ವಿಯೆನ್ನಾದಲ್ಲಿ ಸ್ಲಾವ ಗ್ರಂಥಗಳ ಪರೀಕ್ಷಾಧಿಕಾರಿಯಾಗಿದ್ದ ಯೆರ್ನೆಯ್ ಕೋಪಿತಾರನು ತನ್ನ ಭಾಷೆಗೆ ಶಾಸ್ತ್ರೀಯವಾದ ವ್ಯಾಕರಣವನ್ನು ಬರೆದನು, ಅದೂ ಜರ್ಮನಿನಲ್ಲಿ. ಕೋಪಿತಾರನು ಮಹಾಪಂಡಿತನೆಂಬುದರಲ್ಲಿ ಸಂಶಯವಿಲ್ಲ. ಆದರೆ ರೈತನ ಬಾಯಲ್ಲಿರುವ ಮಾತೇ ಶುದ್ಧ, ಅದನ್ನು ಹಾಗೆಯೇ ಸಂಗ್ರಹಿಸಿಡುವುದೇ ಸಾಹಿತ್ಯದ ಮೊದಲ ಕೆಲಸ, ಉನ್ನತ ಕಾವ್ಯಕ್ಕೆ ಆತುರಪಡುವುದು ಸಲ್ಲದು ಎಂಬುದು ಆತನ ಅಭಿಪ್ರಾಯ. ಭಾಷೆಯನ್ನು ಪ್ರೀತಿಸುತ್ತಲೇ ಅದನ್ನು ಬೆಳೆಯಗೊಡದಿರುವ ಪ್ರೀತಿಯಿದು. ಮಗುವಿನ ತೊದಲುನುಡಿ ಸೊಗಸೆಂದು ಅದಕ್ಕೆ ಪಾಠವನ್ನೇ ಹೇಳಿಸದ ತಂದೆಯ ಪ್ರೀತಿಯನ್ನು ಅದು ಹೋಲುವುದು.

ಪ್ರೆಶೇರೆನನು ಹುಟ್ಟಿದುದು 1800ನೆಯ ಇಸವಿ ಡಿಸೆಂಬರ್ 3ರಂದು, ವೆರ್ಬಾ ಎಂಬ ಹಳ್ಳಿಯ ಒಕ್ಕಲಮನೆಯಲ್ಲಿ. ವಿಯೆನ್ನಾದಲ್ಲಿ ನ್ಯಾಯಶಾಸ್ತ್ರವನ್ನೋದಿ 1828ರಲ್ಲಿ ಪದವಿಯನ್ನು ಪಡೆದರೂ, ಸ್ವತಂತ್ರವಾಗಿ ವಕೀಲಿ ಮಾಡಲು ಸರಕಾರಕ್ಕೆ ಐದು ಸಲ ಬಿನ್ನವಿಸಿಕೊಂಡು ವಿಫಲನಾದನು. ಅಪ್ಪಣೆ ದೊರೆತುದು 1846ರಲ್ಲಿ. ಅದಕ್ಕೆ ಮೂರೇ ವರ್ಷಗಳ ತರುವಾಯ, 1849ನೆಯ ಫೆಬ್ರವರಿ 8ರಂದು, ಕ್ರಾನ್ ಪಟ್ಟಣದಲ್ಲಿ ತೀರಿಕೊಂಡನು. ಈ ನೀರಸವಾದ ಜೀವನಕ್ಕೆ ಬೆಳಕಾಗಿದ್ದವನು ಮತಿಯಾ ಚೋಪನೆಂಬ ಗೆಳೆಯ. ಲ್ಯುಬ್ಲ್ಯಾನಾದಲ್ಲಿ ಗ್ರಂಥಪಾಲಕನಾಗಿದ್ದ ಚೋಪನು ಅನೇಕ ಭಾಷೆಗಳ ಸಾಹಿತ್ಯವನ್ನು ಅರಗಿಸಿಕೊಂಡವನು. ಭಾಷೆಯು ಬೆಳೆಯಬೇಕಾದರೆ ಸುಶಿಕ್ಷಿತರು ಅದನ್ನು ತಮ್ಮದಾಗಿ ಮಾಡಿಕೊಳ್ಳಬೇಕು, ಅತ್ಯಂತ ಕಠಿನವಾದ ಕಾವ್ಯಬಂಧಗಳಲ್ಲಿ ಅದರ ಶಕ್ತಿಯನ್ನು ಪರೀಕ್ಷಿಸಬೇಕು ಎಂಬುದು ಆತನ ಸಿದ್ಧಾಂತ. ಪ್ರೆಶೇರೆನನು ಆ ಸಿದ್ಧಾಂತವನ್ನು ಕಾವ್ಯವಾಗಿ ನಡೆಸಿ ತೋರಿಸಿದನು.

1834ರಲ್ಲಿ ಪ್ರಕಟವಾದ ‘ಸುನೀತಮಾಲೆ’ಯು ಇದಕ್ಕೆ ಉತ್ತಮ ನಿದರ್ಶನ. ಹದಿನೈದು ಸುನೀತಗಳ ಈ ಹಾರದಲ್ಲಿ ಒಂದರ ಕೊನೆಯ ಪಾದವೇ ಮುಂದಿನದರ ಮೊದಲ ಪಾದವಾಗುವುದು. ಹದಿನಾಲ್ಕು ಸುನೀತಗಳ ಮೊದಲ ಪಾದಗಳೇ ಕೂಡಿ ಹದಿನೈದನೆಯ ಸುನೀತವಾಗುವುದು. ಆ ಕೊನೆಯ ಸುನೀತದ ಪಾದಗಳ ಮೊದಲಕ್ಷರಗಳನ್ನು ಕೂಡಿಸಿದರೆ ಕವಿಯು ಒಲಿದ ಜೂಲಿಯಾ ಪ್ರಿಮಿತ್ಸಳ ಹೆಸರು ಹೊರಡುವುದು. ಚಿತ್ರಕಾವ್ಯದ ಪರಿಚಯವುಳ್ಳ ವಾಚಕರಿಗೆ ಇಂಥ ಕಟ್ಟುಗಳು ಹೊಸತಲ್ಲ. ಅವು ಬಹುಮಟ್ಟಿಗೆ ರಸವನ್ನು ಹಿಂಡಿಬಿಡುವುವೆಂಬುದೂ ಹೊಸತಲ್ಲ. ಇಲ್ಲಿ ಹಾಗಾಗಿಲ್ಲ. ಹೆಣ್ಣಿನ ಮೇಲಣ ಒಲವೂ, ಕಾವ್ಯವು ಅರಳಲು ಬಿಡದ ನಾಡಿನ ದುಃಖವೂ ಈ ಮಾಲೆಯಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಎಳೆಯನ್ನು ಎಳೆದರೆ ಇನ್ನೊಂದೂ ಬರುವುದರಿಂದ, ಹೆಣಿಗೆಯ ಬಂಧವು ಬರಿಯ ಅಲಂಕಾರವಾಗದೆ ಅರ್ಥವೇ ಆಗಿದೆ. ಒಕ್ಕಲಿಗರ ಮಾತೆಂದು ಮೂಲೆಯಲ್ಲಿದ್ದ ಭಾಷೆಯು ಇಟಲಿಯ ಮಹಾಕವಿಗಳ ಬಂಧವನ್ನು ಸಲೀಸಾಗಿ ಹೊತ್ತುದನ್ನು ಕಂಡ ಮೇಲೆ ಕೋಪಿತಾರನ ವಾದಕ್ಕೆ ಬೇರೆ ಉತ್ತರವು ಬೇಕಾಗಿರಲಿಲ್ಲ.

ಆದರೂ ಕವಿಯು ಹಾಸ್ಯದ ಉತ್ತರವೊಂದನ್ನೂ ಕೊಡದೆ ಬಿಡಲಿಲ್ಲ. ಗ್ರೀಕ್ ಚಿತ್ರಕಾರ ಅಪೆಲ್ಲಿಸನ ಚಿತ್ರದಲ್ಲಿ ಜೋಡು ಸರಿಯಾಗಿಲ್ಲವೆಂದು ಜೋಡು ಹೊಲಿಯುವವನೊಬ್ಬನು ಹೇಳಲು, ಚಿತ್ರಕಾರನು ಅದನ್ನು ತಿದ್ದಿದನಂತೆ. ಮರುದಿನ ಅವನೇ ಬಂದು ಕಾಲಿನ ಮೀನಖಂಡದಲ್ಲಿಯೂ ದೋಷವೆಣಿಸಲು, ನೀನು ಜೋಡನ್ನು ಮಾತ್ರ ನೋಡು ಎಂದನಂತೆ. ಈ ಹಳೆಯ ಕಥೆಯನ್ನು ಪ್ರೆಶೇರೆನನು ಒಂದು ಸುನೀತದಲ್ಲಿ ಹೇಳಿದನು. ಜೋಡಿನ ಅಚ್ಚಿಗೆ ಸ್ಲೊವೀನದಲ್ಲಿ ‘ಕೋಪಿತೊ’ ಎನ್ನುವರಾದ್ದರಿಂದ ಬಾಣವು ಯಾರಿಗೆ ನಾಟಬೇಕೋ ಅವರಿಗೇ ನಾಟಿತು. ವರ್ಣಮಾಲೆಯ ವಿಷಯವಾಗಿ ಆಗ ನಡೆದಿದ್ದ ವಿವಾದದಲ್ಲಿಯೂ ಚೋಪನು 1833ರಲ್ಲಿ ಕೋಪಿತಾರನ ಪಕ್ಷವನ್ನು ಎದುರಿಸಿ ಬರೆದನು. ಆ ಪಕ್ಷವು ಮೆಚ್ಚಿದ್ದ ಹೊಸ ಲಿಪಿಯು ಅದೇ ವರ್ಷ ಶಾಲೆಗಳಿಂದ ಹೊರಬಿದ್ದಿತು.

ಕೋಪಿತಾರನಿಗಿಂತ ಬಲವಾದ ಪ್ರತಿವಾದಿಯು ಬೇರೊಂದು ದಿಕ್ಕಿನಿಂದ ಬಂದನು. ಸ್ಟೈರಿಯದ ಸ್ಲೊವೀನನಾದ ಸ್ಟಾಂಕೊ ವ್ರಾಜನು ಕ್ರೊವೇಷಿಯದ ಜಾಗ್ರೆಬ್ ನಗರದಲ್ಲಿ ಲ್ಯುದೆವಿತ್ ಗಾಯನು ನಡೆಸುತ್ತಿದ್ದ ಇಲ್ಲಿರಿಯನ್ ಚಳವಳಿಯನ್ನು ಸೇರಿದನು. ದಕ್ಷಿಣದ ಸ್ಲಾವರೆಲ್ಲರೂ ಒಂದೇ ಗ್ರಂಥಭಾಷೆಯಲ್ಲಿ ಬರೆಯಬೇಕು. ಚಿಕ್ಕ ಚಿಕ್ಕ ಭಾಷೆಗಳು ಜರ್ಮನಿನ ಪ್ರವಾಹದ ಮುಂದೆ ನಿಲ್ಲಲಾರವು ಎಂಬುದು ಆ ಚಳವಳಿಯ ತತ್ತ್ವ. ವ್ರಾಜನು ತನ್ನ ಮನೆಮಾತನ್ನು ಬಿಟ್ಟು ಆ ಭಾಷೆಯ ಕವಿಯಾದನು. ಈ ವಾದವನ್ನು ಹಗುರಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಓದುವವರು ಕಡಮೆ, ಅಚ್ಚು ಹಾಕಿಸುವವರು ಇನ್ನೂ ಕಡಮೆ, ಆಳುವವರು ಅನ್ಯರು. ಇಂಥ ಸ್ಥಿತಿಯಲ್ಲಿ ದೊಡ್ಡ ಬಂಧುವಿನ ಮನೆಯನ್ನು ಸೇರುವುದು ಹೇಡಿತನವೇನೂ ಅಲ್ಲ. ಪ್ರೆಶೇರೆನನು ಸ್ಲಾವರ ಮೈತ್ರಿಗೆ ವಿರೋಧಿಯಾಗಿರಲಿಲ್ಲ. ಆದರೆ ಭಾಷೆಗಳ ಐಕ್ಯವು ಕೈಗೂಡುವುದೆಂದು ಆತನು ನಂಬಲಿಲ್ಲ. ತನ್ನ ಭಾಷೆಯನ್ನು ಬಿಡಲೂ ಇಲ್ಲ.

ಬಿಟ್ಟಿದ್ದರೆ ಏನು ನಷ್ಟವಾಗುತ್ತಿದ್ದಿತು? ಈ ಪ್ರಶ್ನೆಗೆ ವ್ಯಾಕರಣದಿಂದಲೇ ಒಂದು ಉತ್ತರವುಂಟು. ಸಂಸ್ಕೃತವನ್ನು ಬಲ್ಲವರಿಗೆ ದ್ವಿವಚನವು ಗೊತ್ತಿರತಕ್ಕುದೇ. ಬಹುತೇಕ ಸ್ಲಾವ ಭಾಷೆಗಳಲ್ಲಿ ಅದು ಅಳಿದುಹೋಗಿದೆ. ಸ್ಲೊವೀನದಲ್ಲಿಯೂ, ಜರ್ಮನಿಯೊಳಗಿರುವ ಸೋರ್ಬ್ ಜನರ ಮಾತಿನಲ್ಲಿಯೂ ಉಳಿದಿದೆ. ಸ್ಲೊವೀನನು ‘ನಾವು’ ಎನ್ನುವಾಗ ಇಬ್ಬರೋ ಹೆಚ್ಚು ಮಂದಿಯೋ ಎಂಬುದು ಸರ್ವನಾಮದಲ್ಲಿಯೇ ತಿಳಿಯುವುದು, ಕ್ರಿಯಾಪದವೂ ಹಾಗೆಯೇ. ವ್ರಾಜನು ಸ್ವೀಕರಿಸಿದ ಗ್ರಂಥಭಾಷೆಯ ಕ್ರಿಯಾಪದಗಳಲ್ಲಿ ಈ ಭೇದವಿಲ್ಲ. ಇದು ವೈಯಾಕರಣರ ಕುತೂಹಲಕ್ಕೆ ಮಾತ್ರ ಸೇರಿದ ಸಂಗತಿಯಲ್ಲವೆಂಬುದು ಪ್ರೆಶೇರೆನನ ದೀರ್ಘಕಾವ್ಯವನ್ನು ನೋಡಿದರೆ ವಿಶದವಾಗುವುದು.

‘ಸಾವಿತ್ಸಾದ ಬಳಿಯ ದೀಕ್ಷಾಸ್ನಾನ’ವೆಂಬ ಈ ಕಾವ್ಯವು ಹೊರಬಿದ್ದುದು 1836ರಲ್ಲಿ. ಅದರ ಹಿಂದಿನ ವರ್ಷ ಚೋಪನು ಸಾವಾ ನದಿಯಲ್ಲಿ ಮುಳುಗಿ ಸತ್ತಿದ್ದನು. ಕಾವ್ಯದ ಮೊದಲಲ್ಲಿರುವ ಸುನೀತವು ಆತನ ನೆನಪಿಗೆ ಅರ್ಪಿತವಾದುದು. ಕಥೆಯು 8ನೆಯ ಶತಮಾನದ್ದು. ಹಳೆಯ ದೇವತೆಗಳನ್ನು ಬಿಡಲೊಲ್ಲದ ಕಡೆಯ ಪಡೆಗೆ ಚೆರ್ತೊಮಿರನು ನಾಯಕ. ಕ್ರೈಸ್ತಮತವನ್ನು ಕತ್ತಿಯಿಂದ ಹರಡುವ ವಾಲ್ಹೂನನು ಆತನ ಕೋಟೆಯನ್ನು ಆರು ತಿಂಗಳು ಮುತ್ತಿರುವನು. ಬಿರುಗಾಳಿಯ ರಾತ್ರಿಯಲ್ಲಿ ಹೊರಬಿದ್ದು ಹೋರಾಡಿದವರಲ್ಲಿ ಉಳಿದವನು ಚೆರ್ತೊಮಿರನೊಬ್ಬನೇ. ಬ್ಲೇಡ್ ಸರೋವರದ ದ್ವೀಪದಲ್ಲಿ ಝೀವಾ ದೇವಿಯ ಪೂಜಾರಿಣಿಯಾಗಿದ್ದ ಬೊಗೊಮಿಲಾ ಆತನ ಪ್ರಿಯೆ. ಆ ದೇವಿಯ ಹೆಸರಿನ ಧಾತು ಸಂಸ್ಕೃತದ ‘ಜೀವ’ ಶಬ್ದದ ಬಳಗದ್ದು. ಸಾವಿತ್ಸಾ ಜಲಪಾತದ ಬಳಿ ಇಬ್ಬರೂ ಮತ್ತೆ ಸಂಧಿಸುವಾಗ ಆಕೆಯು ಕ್ರೈಸ್ತಳಾಗಿರುವಳು. ನಲ್ಲನ ಪ್ರಾಣವುಳಿದರೆ ಕನ್ಯೆಯಾಗಿಯೇ ಬಾಳುವೆನೆಂದು ದೇವರಿಗೆ ಹರಕೆ ಹೊತ್ತಿರುವಳು. ಚೆರ್ತೊಮಿರನು ಅಲ್ಲಿಯೇ ದೀಕ್ಷಾಸ್ನಾನವನ್ನು ಪಡೆದು, ಅಕ್ವಿಲೇಯಾ ನಗರಕ್ಕೆ ಹೋಗಿ ಪಾದ್ರಿಯಾಗುವನು. ಆಕೆಯು ತಂದೆಯ ಮನೆಗೆ ಹಿಂದಿರುಗುವಳು.

ಈ ಕೊನೆಯನ್ನು ಕುರಿತು ನಡೆದಷ್ಟು ವಾದವು ಬೇರಾವ ಸ್ಲೊವೀನ ಕೃತಿಯನ್ನು ಕುರಿತೂ ನಡೆದಿಲ್ಲ. ಇದು ಧರ್ಮದ ವಿಜಯವೆಂದು ಕೆಲವರು. ಸ್ವಾತಂತ್ರ್ಯವೀರನ ಶರಣಾಗತಿಯೆಂದು ಮತ್ತೆ ಕೆಲವರು. ಕವಿಯು ಚೆಕ್ ಕವಿ ಚೆಲಕೋವ್‌ಸ್ಕಿಗೆ ಬರೆದ ಪತ್ರದಲ್ಲಿ, ಇದೊಂದು ಛಂದಸ್ಸಿನ ಅಭ್ಯಾಸ, ಪಾದ್ರಿಗಳ ಪ್ರಸನ್ನತೆಯನ್ನು ಗಳಿಸಲು ಮಾಡಿದುದು ಎಂಬರ್ಥದ ಮಾತನ್ನಾಡಿ ಈ ವಾದವನ್ನು ಇನ್ನಷ್ಟು ತೊಡಕುಮಾಡಿರುವನು. ಕವಿಗಳು ತಮ್ಮ ಕೃತಿಯ ವಿಷಯವಾಗಿ ಆಡುವ ಮಾತನ್ನು ಕೃತಿಗಿಂತ ಹೆಚ್ಚಾಗಿ ನಂಬಬೇಕಾದುದಿಲ್ಲ.

ಕೃತಿಯನ್ನೇ ನೋಡಿದರೆ ಎರಡು ಸಂಗತಿಗಳು ಕಣ್ಣಿಗೆ ಬೀಳುವುವು. ಮೊದಲನೆಯದು, ಯುದ್ಧವನ್ನು ವರ್ಣಿಸುವ ಮುನ್ನುಡಿಯಲ್ಲಿ ಗೆದ್ದವನೂ ಸೋತವನೂ ಒಂದೇ ಜನತೆಯವರು. ವಾಲ್ಹೂನನು ಹೊರಗಿನ ಜರ್ಮನನಲ್ಲ. ದಾಂತೆಯ ತ್ರಿಪಾದಿಗಳಲ್ಲಿ ಓಡುವ ಆ ಭಾಗದ ವೇಗವೂ ಭೀಕರತೆಯೂ ಅಣ್ಣತಮ್ಮಂದಿರ ರಕ್ತಪಾತದಿಂದಲೇ ಹುಟ್ಟಿದವು. ಶತ್ರುವಿನ ಮೇಲೆ ತಪ್ಪನ್ನು ಹೊರಿಸಿ ಜನಾಂಗಕ್ಕೆ ಸಮಾಧಾನ ಹೇಳುವ ಸುಲಭಮಾರ್ಗವನ್ನು ಕವಿಯು ಮುಚ್ಚಿಬಿಟ್ಟಿರುವನು. ಎರಡನೆಯದು, ಎಂಟು ಪಾದಗಳ ಇಟಾಲಿಯನ್ ಪದ್ಯಗಳಲ್ಲಿ ನಿಧಾನವಾಗಿ ಸಾಗುವ ಉತ್ತರಭಾಗದಲ್ಲಿ, ಮತಬೋಧೆಯ ಕೆಲವು ಪದ್ಯಗಳು ಸಪ್ಪೆಯಾಗಿಯೇ ಇವೆ, ಅದನ್ನು ಮುಚ್ಚಿಡಬೇಕಾದುದಿಲ್ಲ. ಚೆರ್ತೊಮಿರನು ಮಣಿಯುವುದು ಬೋಧೆಗಲ್ಲ. ಮೋಡ ಸರಿದು ಬಿದ್ದ ಬಿಸಿಲಿನಲ್ಲಿ ಕಾಮನಬಿಲ್ಲಿನ ಬೆಳಕು ಬೊಗೊಮಿಲಾಳ ಮುಖದ ಮೇಲೆ ಆಡಿದ ಒಂದು ಗಳಿಗೆಗೆ. ಆತನು ಸುಖಿಯಾದನೆಂದು ಕವಿಯು ಎಲ್ಲಿಯೂ ಹೇಳುವುದಿಲ್ಲ. ಆ ಇಬ್ಬರೂ ಈ ಲೋಕದಲ್ಲಿ ಮತ್ತೆ ಒಬ್ಬರನ್ನೊಬ್ಬರು ಕಾಣಲಿಲ್ಲವೆಂಬ ಅರ್ಥದ ಮಾತಿನಿಂದ ಕಾವ್ಯವನ್ನು ಮುಗಿಸಿಬಿಡುವನು.

ಆ ಕೊನೆಯ ಮಾತಿನ ಕ್ರಿಯಾಪದವು ದ್ವಿವಚನದಲ್ಲಿದೆ. ವಿಧಿಯೂ ಹರಕೆಯೂ ಅಗಲಿಸಿದ ಇಬ್ಬರನ್ನು ವ್ಯಾಕರಣವು ಅಗಲಿಸಲೊಲ್ಲದು. ‘ಕಾಣಲಿಲ್ಲ’ ಎಂಬ ಮಾತೇ ಅವರನ್ನು ಜೋಡಿಯಾಗಿ ಹಿಡಿದಿದೆ. ಬಹುವಚನದಲ್ಲಿ ಹೇಳಿದರೆ ಸಂಗತಿಯು ತಿಳಿಯುವುದು, ಈ ನೋವು ತಿಳಿಯಲಾರದು. ಕವಿಯು ವ್ರಾಜನ ಹಾದಿಯನ್ನು ಹಿಡಿದಿದ್ದರೆ ಕಾವ್ಯವು ಹೆಚ್ಚು ಜನರಿಗೆ ತಲುಪುತ್ತಿದ್ದಿತು. ಆದರೆ ಈ ಕೊನೆಯು ಅದಕ್ಕಿರುತ್ತಿರಲಿಲ್ಲ. ಭಾಷೆಗಾಗಿ ನಡೆದ ವಾದಗಳಲ್ಲಿ ಇದಕ್ಕಿಂತ ದೃಢವಾದ ವಾದವು ಬೇರೊಂದಿರಲಾರದು.

ಪ್ರೆಶೇರೆನನ ‘ಕವಿತೆಗಳು’ ಎಂಬ ಸಂಗ್ರಹವು 1847ರ ತಾರೀಖನ್ನು ಹೊತ್ತು 1846ರ ಕೊನೆಯಲ್ಲಿಯೇ ಹೊರಬಂದಿತು. ಪಾನಗೋಷ್ಠಿಯ ಹಾಡೆಂಬ ನೆವದಲ್ಲಿ 1844ರಲ್ಲಿ ಬರೆದ ‘ಸ್ದ್ರಾವ್ಲಿತ್ಸಾ’ ಅದರಲ್ಲಿ ಸೇರಲಿಲ್ಲ. ವಿಯೆನ್ನಾದ ಪರೀಕ್ಷಕನು ಒಂದು ಪದ್ಯವನ್ನು ತೆಗೆಯಬೇಕೆನ್ನಲು, ಅಂಗಹೀನವಾದ ಹಾಡಿಗಿಂತ ಹಾಡಿಲ್ಲದಿರುವುದೇ ಲೇಸೆಂದು ಕವಿಯು ಪೂರ್ತಿಯಾಗಿ ಬಿಟ್ಟನು. ಆ ಪರೀಕ್ಷಕನೂ ಸ್ಲೊವೀನನೇ. ಮುಂದೆ ಸ್ಲಾವ ಭಾಷಾಶಾಸ್ತ್ರದಲ್ಲಿ ಮಹಾಖ್ಯಾತನಾದ ಫ್ರಾಂತ್ಸ್ ಮಿಕ್ಲೋಶಿಚ್. ವಾಲ್ಹೂನನ ಕಥೆಯು ಶಾಯಿಯಲ್ಲಿ ಮತ್ತೊಮ್ಮೆ ನಡೆದಂತಾಯಿತು. 1848ರಲ್ಲಿ ಗ್ರಂಥಪರೀಕ್ಷೆಯು ರದ್ದಾದಾಗ ಹಾಡು ಬೆಳಕನ್ನು ಕಂಡಿತು. ಎಲ್ಲ ಜನತೆಗಳಿಗೂ ಒಳಿತನ್ನು ಹಾರೈಸುವ, ನೆರೆಯವನು ಹಗೆಯಾಗದೆ ನೆರೆಯವನಾಗಿಯೇ ಇರಲೆನ್ನುವ ಅದರ ಪದ್ಯವೊಂದು ಈಗ ಸ್ಲೊವೀನಿಯದ ರಾಷ್ಟ್ರಗೀತೆ. ತನ್ನನ್ನು ಹೊಗಳಿಕೊಳ್ಳದ ರಾಷ್ಟ್ರಗೀತೆಗಳು ಲೋಕದಲ್ಲಿ ವಿರಳ.

ಕವಿಯ ಮರಣಾನಂತರ ಯೋಸಿಪ್ ಸ್ತ್ರಿತಾರನು 1866ರಲ್ಲಿ ಬರೆದ ವಿಮರ್ಶೆಯೇ ಆತನನ್ನು ಯುರೋಪಿನ ಮಹಾಕವಿಗಳ ಸಾಲಿನಲ್ಲಿ ಕೂರಿಸಿತು. 1905ರಲ್ಲಿ ಲ್ಯುಬ್ಲ್ಯಾನಾದಲ್ಲಿ ಆತನ ಪ್ರತಿಮೆಯು ನಿಂತಿತು. 1945ರಿಂದ ಆತನ ಮರಣದಿನವು ಸಂಸ್ಕೃತಿಯ ಹಬ್ಬವಾಯಿತು. ಬಳಗದ ಪ್ರಶ್ನೆಯು ಮಾತ್ರ ಮತ್ತೆ ಮತ್ತೆ ತಲೆಯೆತ್ತಿತು. 1913ರಲ್ಲಿ ಇವಾನ್ ತ್ಸಾಂಕಾರನೆಂಬ ಲೇಖಕನು, ದಕ್ಷಿಣ ಸ್ಲಾವರ ರಾಜಕೀಯ ಐಕ್ಯವು ಬೇಕು, ಆದರೆ ಸಂಸ್ಕೃತಿಯನ್ನೂ ಭಾಷೆಯನ್ನೂ ಬೆರೆಸುವ ಮಾತು ಬೇಡವೆಂದು ಉಪನ್ಯಾಸ ಮಾಡಿದನು. ರಕ್ತದಿಂದ ಸಹೋದರರು, ಭಾಷೆಯಿಂದ ದಾಯಾದಿಗಳು, ಸಂಸ್ಕೃತಿಯಿಂದ ಬಹು ದೂರದವರು ಎಂಬುದು ಆತನ ನೋಟದ ಸಾರ. ಆಸ್ಟ್ರಿಯದ ಸರಕಾರವು ಆತನನ್ನು ಒಂದು ವಾರ ಸೆರೆಯಲ್ಲಿಟ್ಟಿತು. ಒಂದಾಗಬಹುದು, ಕರಗಬೇಕಾಗಿಲ್ಲ ಎಂಬ ಈ ವಿವೇಕವು ಪ್ರೆಶೇರೆನನಿಂದ ಬಂದ ಬಳುವಳಿಯೇ.

ಇದಕ್ಕೆ ವಿರುದ್ಧವಾದ ಮೋಹವೂ ಒಂದುಂಟು. 1980ರ ದಶಕದ ಕೊನೆಯಲ್ಲಿ ಮೂವರು ಲೇಖಕರು, ಸ್ಲೊವೀನರು 6ನೆಯ ಶತಮಾನದಲ್ಲಿ ಬಂದ ಸ್ಲಾವರೇ ಅಲ್ಲ, ರೋಮಿಗಿಂತ ಮೊದಲೇ ಅಲ್ಲಿದ್ದ ವೆನೆಟಿ ಜನರ ಸಂತತಿಯೆಂದು ಸಾರಿದರು. ಪ್ರಾಚೀನ ವೆನೆಟಿಕ್ ಶಾಸನಗಳನ್ನು ಈಗಿನ ಸ್ಲೊವೀನದ ನೆರವಿನಿಂದ ಓದತೊಡಗಿದರು. ಭಾಷಾಶಾಸ್ತ್ರಜ್ಞರೂ ಇತಿಹಾಸಕಾರರೂ ಇದನ್ನು ಅಂಗೀಕರಿಸಿಲ್ಲ. ವೆನೆಟಿಕ್ ಭಾಷೆಯು ಲ್ಯಾಟಿನಿಗೆ ಸಮೀಪವಾದುದು, ಸ್ಲಾವವಲ್ಲ. ಆದರೂ ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತ ಜನರಲ್ಲಿ ಅನೇಕರಿಗೆ ಈ ಕಲ್ಪನೆಯು ರುಚಿಸಿತು. ವ್ರಾಜನ ಹಾದಿಯು ದೊಡ್ಡ ಬಳಗದಲ್ಲಿ ತನ್ನನ್ನು ಮರೆಯುವುದು. ಈ ಹಾದಿಯು ಬಳಗವನ್ನೇ ಅಲ್ಲಗಳೆದು ಇಲ್ಲದ ಪಿತೃಗಳನ್ನು ಆವಾಹಿಸುವುದು. ಎರಡರಲ್ಲಿಯೂ ಇರುವುದು ತಾನಿರುವಂತೆ ತಾನಿದ್ದರೆ ಸಾಲದೆಂಬ ಅಂಜಿಕೆ.

ಪ್ರೆಶೇರೆನನ ಕಾವ್ಯದಲ್ಲಿ ಆ ಅಂಜಿಕೆಯಿಲ್ಲ. ತನ್ನವರ ಚರಿತ್ರೆಯ ಮೊದಲ ಪುಟದಲ್ಲಿ ಆತನು ಬರೆದುದು ಸೋಲನ್ನು. ಅದೂ ತನ್ನವರಿಂದಲೇ ಬಂದ ಸೋಲನ್ನು. ಆ ಸೋಲನ್ನು ಸುಳ್ಳಿನಿಂದ ಸಿಂಗರಿಸದೆ, ತನ್ನ ಮಾತಿನಲ್ಲಿಯೇ, ಆ ಮಾತಿಗೆ ಸಾಧ್ಯವಾದ ಅತ್ಯಂತ ಕಠಿನವಾದ ಬಂಧದಲ್ಲಿ ನಿಲ್ಲಿಸಿದನು. ಆದುದರಿಂದ ಸ್ಲೊವೀನರ ತನ್ನತನಕ್ಕೆ ಕವಿಯು ಕಾರಣನೆಂಬ ಮಾತನ್ನು ಒಂದು ತಿದ್ದುಪಡಿಯೊಡನೆ ಒಪ್ಪಬಹುದು. ತ್ರೂಬಾರನ ಅಕ್ಷರಮಾಲೆಯೂ ದಲ್ಮಾತಿನನ ಬೈಬಲೂ ಹಳ್ಳಿಯ ಮನೆಗಳೂ ಭಾಷೆಯನ್ನು ಉಳಿಸಿದ್ದುವು. ಉಳಿದ ಆ ಭಾಷೆಯಲ್ಲಿ ಸತ್ಯವನ್ನು ಹೇಳಬಹುದೆಂದು ತೋರಿಸಿಕೊಟ್ಟವನು ಕವಿ. ಪ್ರತಿಮೆಗೆ ಹಾರ ಹಾಕುವವರು ಆತನ ಹೆಸರನ್ನು ಉಳಿಸುವರು. ಕಾವ್ಯದ ಕೊನೆಯ ಪಾದಕ್ಕೆ ಬಂದು, ಆ ಒಂದು ದ್ವಿವಚನದ ಮುಂದೆ ತಡೆದು ನಿಲ್ಲುವ ಸಹೃದಯನು ಆತನು ಉಳಿಸಿದುದನ್ನು ಉಳಿಸುವನು.